ಯಾವ ಕೊಟ್ರಸ್ವಾಮಿ?

ಕೋಗಳಿ
೩ ಮಾರ್ಚ್ ೨೦೨೫

ತಮ್ಮ ಕೊಟ್ರಸ್ವಾಮಿಗೆ, ಕೋಗಳಿ ಕೊಟ್ರಸ್ವಾಮಿಯ ಆಶೀರ್ವಾದಗಳು.

ಹೀಗೆ ಬರೆದರೆ ನನಗೆ ನಾನೇ ಕಾಗದ ಹಾಕಿಕೊಂಡ ಹಾಗೆ ಆಗುತ್ತದೆ. ಏನು ಮಾಡುವುದು, ಕೊಟ್ಟೂರಿನ ಸುತ್ತ ಹುಟ್ಟಿದ ಗಂಡಸರಲ್ಲಿ ಅರ್ಧ ಜನಕ್ಕೆ ಇದೇ ಹೆಸರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದು ಸಲ ಕೂಗಿದರೆ ಹೊರಟ ಬಸ್ಸಿನಿಂದಲೂ ನಾಲ್ಕು ಜನ ಇಳಿದು ಬರುತ್ತಾರೆ. ಹರಪನಹಳ್ಳಿಯ ತರಬೇತಿಯಲ್ಲಿ ಹಾಜರಿ ಕರೆದಾಗ ನಾವಿಬ್ಬರೂ ಒಟ್ಟಿಗೇ "ಅದೀನ್ರಿ" ಅಂದದ್ದು, ಮೂವತ್ತು ಜನ ಲೈನ್‌ಮನ್‌ಗಳು ನಕ್ಕಿದ್ದು ನೆನಪಿದೆಯಲ್ಲ.

ಆ ತರಬೇತಿಯ ಸಮತಾ ಮೇಡಂ ಕೊಟ್ಟ ಇನ್‌ಲ್ಯಾಂಡ್ ಲೆಟರುಗಳು ಟ್ರಂಕಿನ ಮೇಲೆ ಹತ್ತು ದಿನದಿಂದ ಬಿದ್ದಿದ್ದವು. "ಜೋಡಿ ಜೋಡಿ ಆಗಿ ಕಾಗದ ಬರೀರಿ. ಫೋನಿನಾಗ ನೀವು ಫೀಡರ್ ಬಿಟ್ಟು ಬ್ಯಾರೆ ಮಾತಾಡಂಗಿಲ್ಲ" ಅಂದಿದ್ದರು. ಒಂದೇ ಹೆಸರಿನವರು ಅಂತ ನಮ್ಮನ್ನೇ ಜೋಡಿ ಮಾಡಿದರು. ಸುರಕ್ಷತೆಯ ತರಬೇತಿ ಅಂತ ಕರೆದು ಎರಡು ದಿನ ಸ್ವಭಾವದ ಪಾಠ ಮಾಡಿದರು. ಎನಿಯಾಗ್ರಾಮ್ ಅಂತೆ, ಮನುಷ್ಯರಲ್ಲಿ ಒಂಬತ್ತು ಸ್ವಭಾವವಂತೆ, ಒಂದೊಂದರಲ್ಲಿ ಮೂರು ಒಳಬಗೆಯಂತೆ. ನಮ್ಮಿಬ್ಬರಿಗೂ ಬಂದದ್ದು ಆರನೇ ನಂಬರು, ಭಯದ ನಂಬರು. "ಆರರವರು ಎಲ್ಲಾರೂ ಅಂಜವ್ರs. ಒಬ್ಬ ಅಂಜಿ ಆಸರೆ ಹುಡುಕ್ತಾನ, ಒಬ್ಬ ಅಂಜಿ ರೂಲ್ ಹಿಡೀತಾನ, ಇನ್ನೊಬ್ಬ ಅಂಜಿ ಅಂಜಿಕಿ ಮ್ಯಾಲೇ ಏರಿ ಹೋಗ್ತಾನ" ಅಂದರಲ್ಲ, ನನಗೆ ಅದೊಂದೇ ನೆನಪಿದೆ.

ಕೊನೆಗೆ ಅವಸರದಲ್ಲಿ ಹಂಚಿದ ಹಾಳೆಯನ್ನು ಮನೆಗೆ ಬಂದು ಹೆಂಡತಿ ನೀಲಗಂಗಮ್ಮನಿಂದ ಓದಿಸಿದೆ. ನನಗೆ ಬಂದದ್ದು ಮೊದಲ ಒಳಬಗೆ. "ಬಲ: ಅಪಾಯವನ್ನು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ನಂಬಿದವರನ್ನು ಬಿಟ್ಟುಕೊಡುವುದಿಲ್ಲ. ದೌರ್ಬಲ್ಯ: ತಮ್ಮನ್ನು ತಾವೇ ನಂಬುವುದಿಲ್ಲ. ನೋಡಿದ್ದನ್ನೇ ಮತ್ತೆ ಮತ್ತೆ ನೋಡುತ್ತಾರೆ." ನಾನು ಬಿದ್ದು ಬಿದ್ದು ನಕ್ಕೆ. ಇಪ್ಪತ್ತಾರು ವರ್ಷ ಗ್ಲೌಸ್ ಹಾಕದೆ ಕಂಬ ಹತ್ತಿದವನು ನಾನು. ನೀಲಗಂಗಮ್ಮ ಮಾತ್ರ ನಗಲಿಲ್ಲ, ಹಾಳೆಯನ್ನು ಮಡಚಿ ದೇವರ ಗೂಡಿನಲ್ಲಿಟ್ಟಳು. ನಿನ್ನದರಲ್ಲಿ ಏನಿದೆ, ಬರಿ.

ಇಂತಿ,
ಕೋಗಳಿ ಕೊಟ್ರಸ್ವಾಮಿ

*

ಹಿರೇಹಡಗಲಿ
೧೬ ಮಾರ್ಚ್ ೨೦೨೫

ಅಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಆರು ದಿನವಾಯಿತು. ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ. ತಪ್ಪು ತಿಳಿಯಬೇಡಿ.

ನನಗೆ ಬಂದ ಹಾಳೆಯಲ್ಲಿ ಮೂರನೇ ಒಳಬಗೆ ಅಂತ ಇದೆ. "ಬಲ: ಭಯ ಬಂದಾಗ ಹಿಂದೆ ಸರಿಯುವುದಿಲ್ಲ, ಅದರ ಎದುರಿಗೇ ನಡೆಯುತ್ತಾರೆ. ಕಷ್ಟದ ಸಮಯದಲ್ಲಿ ನಾಲ್ಕು ಜನ ಇವರ ಹಿಂದೆ ನಿಲ್ಲುತ್ತಾರೆ. ದೌರ್ಬಲ್ಯ: ಹೆದರಿದ್ದೇನೆಂದು ತಮಗೂ ಹೇಳಿಕೊಳ್ಳುವುದಿಲ್ಲ. ಎಚ್ಚರಿಕೆ ಹೇಳಿದವರ ಮೇಲೆ ಸಿಟ್ಟಾಗುತ್ತಾರೆ." ನನ್ನ ಹೆಂಡತಿ ಸಂಗೀತಾ ಇದನ್ನು ಓದಿ, "ಇದು ಯಾರದರಿ?" ಅಂತ ಕೇಳಿದಳು.

ನಮ್ಮ ಸೆಕ್ಷನ್ನಿನಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ ಗೊತ್ತೇ ಅಣ್ಣಾ? "ಮೂರು ಫೋನ್ ಕೊಟ್ರ". ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಲೈನ್ ಬಂದ್ ಮಾಡಿಸಿ, ಲೈನ್ ಕ್ಲಿಯರ್ ಅಂತ ಅವರು ಕೊಡುವ ಎಲ್.ಸಿ. ನಂಬರ್ ಬರೆದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ನಾನು ಆ ನಂಬರನ್ನು ಆಪರೇಟರ್ ಬಾಯಿಂದ ಎರಡು ಸಲ ಹೇಳಿಸುತ್ತೇನೆ. ಕಂಬದ ಬುಡದಿಂದ ಮತ್ತೆ ಕೇಳುತ್ತೇನೆ. ಮೇಲೆ ಹತ್ತಿ ಬೆಲ್ಟ್ ಕಟ್ಟಿಕೊಂಡು ಇನ್ನೊಂದು ಸಲ ಕೇಳುತ್ತೇನೆ. ಅಷ್ಟಾದರೂ ನನ್ನ ಅರ್ಥ್ ಚೈನನ್ನು, ಒಂದು ತುದಿ ನೆಲಕ್ಕೆ ಹೂಡಿ ಇನ್ನೊಂದು ತುದಿ ತಂತಿಗೆ ಎಸೆಯದೆ, ತಂತಿ ಮುಟ್ಟುವುದಿಲ್ಲ. ಯಾರಾದರೂ ಗೊತ್ತಿಲ್ಲದೆ ಕರೆಂಟ್ ಬಿಟ್ಟರೂ ಅದು ಚೈನಿನಿಂದ ನೆಲಕ್ಕೆ ಹೋಗಲಿ ಅಂತ. ನಮ್ಮಪ್ಪ ಗಾದೆಪ್ಪ ಕುರಿ ಕಾಯುವವನು. ತೋಳದ ಭಯಕ್ಕೆ ರೊಪ್ಪದ ಬಾಗಿಲನ್ನು ಮೂರು ಸಲ ಮುಟ್ಟಿ ನೋಡಿ ಮಲಗುತ್ತಿದ್ದ. ಅವನ ಮಗ ನಾನು.

ಇಂಥವನಿಗೆ ಈ ಹಾಳೆ ಬಂದಿದೆ. ದಿನಾ ಡ್ಯೂಟಿಗೆ ಹೋಗುವ ಮೊದಲು ಅದನ್ನು ಒಂದು ಸಲ ಓದುತ್ತೇನೆ. ಓದಿದಾಗ ಎದೆಯಲ್ಲಿ ಏನೋ ಒಂದು ಥರ ಆಗುತ್ತದೆ.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಹಾಳೆಯ ಕೆಳಗಡೆ, ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಏನಾದರೂ ಬರೆದಿದೆಯೇ? ಸುಮ್ಮನೆ ಕೇಳಿದೆ.

ತಮ್ಮವನು,
ಹಿರೇಹಡಗಲಿ ಕೊಟ್ರಸ್ವಾಮಿ

*

ಕೋಗಳಿ
೯ ಏಪ್ರಿಲ್ ೨೦೨೫

ತಮ್ಮನಿಗೆ ಆಶೀರ್ವಾದ.

ಪೆನ್ಸಿಲಿನ ವಿಷಯ ಕೇಳಿದ್ದೆ. ನನಗೆ ಹತ್ತಿರದ್ದು ಓದಲು ಕನ್ನಡಕ ಬೇಕು ಅಂತ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಕನ್ನಡಕ ಹಾಕಿಕೊಂಡು ಕಂಬ ಹತ್ತಿದರೆ ಜನ ಮೇಷ್ಟ್ರು ಅಂದುಕೊಳ್ಳುತ್ತಾರೆ ಅಂತ ತೆಗೆದುಕೊಂಡಿಲ್ಲ. ಈ ಕಾಗದವನ್ನೂ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ಬೈಯಬೇಡ. ನೀಲಗಂಗಮ್ಮನಿಗೆ ಹಾಳೆ ಕೊಟ್ಟು ಕೇಳಿದೆ. "ಏನೂ ಬರದಿಲ್ಲ, ಖಾಲಿ ಐತಿ" ಅಂದಳು.

ನಿನ್ನ ಕಾಗದವನ್ನು ಡ್ಯೂಟಿಯಲ್ಲಿ ಜೊತೆಗಾರನಿಂದ ಓದಿಸಿದೆ, ನಿನ್ನ ಹಾಳೆಯಲ್ಲಿದ್ದದ್ದು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಅದು ನನಗೆ ಬರಬೇಕಿತ್ತು. ಆದರೆ ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಬೇಡ. ಹೋದ ವಾರ ಒಂದು ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆ ಹೋಗಿದ್ದೆ. ಎಲ್.ಸಿ. ತೆಗೆದುಕೊಂಡಿದ್ದೆ. ಹತ್ತಲು ಕಾಲಿಟ್ಟವನು ಇಳಿದು ಇನ್ನೊಂದು ಸಲ ಫೋನ್ ಮಾಡಿದೆ. ನನ್ನ ಜೊತೆಗಾರ ಯರ್ರೆಪ್ಪ, "ಯಾಕ್ರಿ ಸ್ವಾಮಿ, ಮೈಯಾಗ ಆರಾಮಿಲ್ಲೇನು?" ಅಂದ. ನೀಲಗಂಗಮ್ಮ ದಿನಾ ಬೆಳಿಗ್ಗೆ ರೊಟ್ಟಿ ಕಟ್ಟುವಾಗ ಆ ಹಾಳೆಯ ಒಂದೊಂದು ಸಾಲು ಓದಿ ಹೇಳುತ್ತಾಳೆ. ಕಿವಿಗೆ ಬಿದ್ದದ್ದು ಕೈಗೂ ಬರುತ್ತದೆಯೋ ಏನೋ.

ಇನ್ನೊಂದು ವಿಷಯ. ೨೦೦೪ರಲ್ಲಿ ನನ್ನ ಜೊತೆ ಗವಿಸಿದ್ದೇಶ್ ಅಂತ ಒಬ್ಬ ಇದ್ದ. ಕೂಡ್ಲಿಗಿ ಕಡೆಯ ಹುಡುಗ, ನನ್ನ ವಾರಗೆಯವನು. ನನ್ನ ಕಣ್ಣೆದುರಿಗೇ ಕಂಬದ ಮೇಲೆ ಕರೆಂಟ್ ಹೊಡೆದು ಸತ್ತ. ಮಾರನೇ ದಿನ ಅದೇ ಕಂಬಕ್ಕೆ ನಾನೇ ಹತ್ತುತ್ತೇನೆ ಅಂತ ಹಟ ಮಾಡಿ ಹತ್ತಿದೆ. ಎಲ್ಲರೂ ಗುಂಡಿಗೆ ಅಂದರೆ ಇವನದು ಅಂದರು. ಇಪ್ಪತ್ತೊಂದು ವರ್ಷದ ಮೇಲೆ ಈಗ ಅನಿಸುತ್ತಿದೆ, ಅವತ್ತು ಹತ್ತದೆ ಇದ್ದಿದ್ದರೆ ನಾನು ಮತ್ತೆ ಎಂದೂ ಹತ್ತುತ್ತಿರಲಿಲ್ಲ, ಅಷ್ಟು ಹೆದರಿದ್ದೆ. ಹಾಳೆ ಸುಳ್ಳು ಹೇಳುತ್ತಿಲ್ಲ.

ಕೋಗಳಿ ಕೊಟ್ರಸ್ವಾಮಿ

*

ಹಿರೇಹಡಗಲಿ
೨೮ ಏಪ್ರಿಲ್ ೨೦೨೫

ಅಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಹಾಳೆಯಲ್ಲಿ ಏನೂ ಬರೆದಿಲ್ಲ ಅಂತ ತಿಳಿದು ಸಮಾಧಾನವಾಯಿತು.

ಇಲ್ಲಿ ಒಂದು ಸುದ್ದಿ ಇದೆ. ಈ ತಿಂಗಳು ನಾನು ಒಂದೇ ಫೋನಿನಲ್ಲಿ ಕಂಬ ಹತ್ತುತ್ತಿದ್ದೇನೆ. ಮೊದಲ ದಿನ ಬೆವರಿನಿಂದ ಕಟಿಂಗ್ ಪ್ಲೇಯರ್ ಕೈಯಿಂದ ಜಾರಿತು, ಏನೂ ಆಗಲಿಲ್ಲ. ಎರಡನೇ ದಿನವೂ ಏನೂ ಆಗಲಿಲ್ಲ. ಹತ್ತನೇ ದಿನಕ್ಕೆ ಗಾಡಿಯ ಡಬ್ಬಿಯಿಂದ ಚೈನು ತೆಗೆದು ಮನೆಯಲ್ಲಿಟ್ಟೆ. ಎಂಟು ಕಿಲೋ ಭಾರ, ಸುಮ್ಮನೆ ಹೊತ್ತು ತಿರುಗುವುದು ಯಾಕೆ. ಮೊನ್ನೆ ಗಾಳಿಗೆ ಬಾಗಿದ್ದ ಕಂಬವನ್ನು ಯಾರೂ ಹತ್ತಲು ಒಪ್ಪದಿದ್ದಾಗ ನಾನು ಹತ್ತಿದೆ. ಕೆಳಗೆ ನಿಂತವರು, "ಏನಲೇ, ಕೊಟ್ರ ಹುಲಿ ಆಗ್ಯಾನಲ್ಲಲೇ" ಅಂದರು. ಈಗ ಯಾರೂ ಮೂರು ಫೋನ್ ಅನ್ನುವುದಿಲ್ಲ.

ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಜನ ನನ್ನ ಹೆಸರಿನ ಮುಂದೆ ಏನೂ ಸೇರಿಸದೆ ಕರೆಯುತ್ತಿದ್ದಾರೆ ಅಣ್ಣಾ. ಇದನ್ನು ಬೇರೆ ಯಾರಿಗೂ ಹೇಳಲು ಆಗುವುದಿಲ್ಲ.

ಸಂಗೀತಾಗೆ ಇದು ಸೇರಿಲ್ಲ. ಚೈನನ್ನು ಮೂಲೆಯಲ್ಲಿ ಕಂಡು, "ಇದನ್ನ ಯಾಕ ಇಳಿಸೀರಿ?" ಅಂದಳು. ನನಗೆ ಸಿಟ್ಟು ಬಂತು. ಆಮೇಲೆ ಹಾಳೆಯಲ್ಲಿ ಅದೂ ಬರೆದಿದೆ ಅಂತ ನೆನಪಾಯಿತು, ಎಚ್ಚರಿಕೆ ಹೇಳಿದವರ ಮೇಲೆ ಸಿಟ್ಟಾಗುತ್ತಾರೆ ಅಂತ. ಅಂದರೆ ಹಾಳೆ ನನ್ನದೇ. ಕಂಬದಿಂದ ಇಳಿದ ಮೇಲೆ ಕಾಲು ಗಂಟೆ ಗಾಡಿ ಕಿಕ್ ಹೊಡೆಯಲೂ ಆಗುವುದಿಲ್ಲ. ಫೋನ್ ಬಂದವನ ಹಾಗೆ ನಟಿಸಿ ಪಕ್ಕಕ್ಕೆ ಹೋಗಿ ಕೂರುತ್ತೇನೆ. ಅದೂ ಹಾಳೆಯಲ್ಲಿದೆ, ಹೆದರಿದ್ದನ್ನು ಹೇಳಿಕೊಳ್ಳುವುದಿಲ್ಲ ಅಂತ.

ತಮ್ಮವನು,
ಹಿರೇಹಡಗಲಿ ಕೊಟ್ರಸ್ವಾಮಿ

*

ಕೋಗಳಿ
೧೪ ಮೇ ೨೦೨೫

ತಮ್ಮನಿಗೆ,

ನಿನ್ನ ಕಾಗದ ಓದಿಸಿ ಕೇಳಿ ಖುಷಿಯಾಯಿತು. ನಾನು ನಿನ್ನ ವಯಸ್ಸಿನಲ್ಲಿ ಹೀಗೇ ಇದ್ದೆ. ಅದೇ ಬಾಗಿದ ಕಂಬ, ಅದೇ ಹುಲಿ.

ಇಲ್ಲಿ ಉಲ್ಟಾ ಆಗಿದೆ. ನಾನು ಸ್ಟೋರಿನಿಂದ ಚೈನು ತೆಗೆಸಿಕೊಂಡು ಗಾಡಿಗೆ ಕಟ್ಟಿಕೊಂಡಿದ್ದೇನೆ. ಯರ್ರೆಪ್ಪ ನಗುತ್ತಾನೆ. ಹಗರಿಬೊಮ್ಮನಹಳ್ಳಿ ಆಫೀಸಿನವರೂ ನಗುತ್ತಾರೆ. ನಗಲಿ. ನೀಲಗಂಗಮ್ಮ ಈಗ ನನ್ನ ಫೋನ್ ಬಂದರೆ ಮೊದಲ ರಿಂಗಿಗೇ ಎತ್ತುವುದಿಲ್ಲ, ಮೂರನೆಯದಕ್ಕೆ ಎತ್ತುತ್ತಾಳೆ. ಇಷ್ಟು ವರ್ಷ ನನ್ನ ನಂಬರ್ ಕಂಡ ಕೂಡಲೇ ಬೇರೆಯವರು ಕೆಟ್ಟ ಸುದ್ದಿ ಹೇಳಲು ಮಾಡಿರಬೇಕು ಅಂತ ಹಾರಿ ಎತ್ತುತ್ತಿದ್ದಳಂತೆ. ಇದನ್ನು ಅವಳು ಮೊನ್ನೆ ಹೇಳಿದಳು.

ಒಂದು ಮಾತು. ಚೈನು ಮನೆಯಲ್ಲಿ ಯಾಕಿಟ್ಟಿದ್ದೀ? ಧೈರ್ಯ ಬೇರೆ, ಚೈನು ಬೇರೆ. ಎಂಟು ಕಿಲೋ ಏನು ಭಾರ. ಗಾಡಿಗೆ ಹಾಕಿಕೋ. ಇದನ್ನು ಹೇಳಿದ್ದಕ್ಕೆ ನನ್ನ ಮೇಲೂ ಸಿಟ್ಟಾಗಬೇಡ.

ಕೋಗಳಿ ಕೊಟ್ರಸ್ವಾಮಿ

*

ಹಿರೇಹಡಗಲಿ
೨೫ ಮೇ ೨೦೨೫

ಅಣ್ಣನವರಿಗೆ ನಮಸ್ಕಾರಗಳು.

ಮೊನ್ನೆಯ ಬಿರುಗಾಳಿಗೆ ನಿಮ್ಮ ಕಡೆ ನಲವತ್ತು ಕಂಬ ಬಿದ್ದಿವೆ ಅಂತ ನಮ್ಮ ಸೆಕ್ಷನ್ನಿನಿಂದ ಆರು ಜನರನ್ನು ಕಳಿಸುತ್ತಿದ್ದಾರೆ. ನನ್ನ ಹೆಸರೂ ಇದೆ. ೨೯ಕ್ಕೆ ಬರುತ್ತೇನೆ. ಕೋಗಳಿ ಫೀಡರಿನಲ್ಲೇ ಕೆಲಸ ಕೊಡುತ್ತಾರಂತೆ.

ಕಾಗದ ನಿಮಗೆ ನಾನು ಬರುವುದರೊಳಗೆ ತಲುಪುತ್ತದೋ ಇಲ್ಲವೋ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬರೆಯದಿದ್ದರೆ ಹೇಳದೆ ವಾಪಸ್ ಬಂದುಬಿಡುತ್ತೇನೆ ಅನ್ನುವ ಭಯ. ನಿಮಗೆ ಎದುರಿಗೆ ಕೂತು ಒಂದು ವಿಷಯ ಹೇಳುವುದಿದೆ. ಈ ಹತ್ತು ದಿನದಿಂದ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ಕಂಬ ಹತ್ತಿದಾಗ ಸತ್ತ ತಂತಿಯೂ ಗುಂಯ್ ಅಂದಂತೆ ಕೇಳುತ್ತದೆ. ಆದರೂ ಫೋನ್ ತೆಗೆಯಲು ಕೈ ಹೋಗುವುದಿಲ್ಲ. ಕೆಳಗೆ ನಿಂತವರು ನೋಡುತ್ತಿರುತ್ತಾರೆ. ಮೊದಲು ಕರೆಂಟಿಗೆ ಹೆದರುತ್ತಿದ್ದೆ. ಈಗ ಅವರಿಗೆ ಹೆದರುತ್ತೇನೆ.

ಚೈನು ತರುತ್ತೇನೆ ಅಂತ ಸಂಗೀತಾಗೆ ಮಾತು ಕೊಟ್ಟಿದ್ದೇನೆ.

ತಮ್ಮವನು,
ಹಿರೇಹಡಗಲಿ ಕೊಟ್ರಸ್ವಾಮಿ

*

ಹಿರೇಹಡಗಲಿ
೧೧ ಜೂನ್ ೨೦೨೫

ಅಣ್ಣನವರಿಗೆ ನಮಸ್ಕಾರಗಳು.

ಬಳ್ಳಾರಿಯ ಆಸ್ಪತ್ರೆಗೆ ಎರಡು ಸಲ ಬಂದೆ. ವಾರ್ಡಿನ ಬಾಗಿಲಿನವರೆಗೆ ಬಂದೆ. ನಿಮ್ಮ ಕೈಗೆ ಸುತ್ತಿದ ಬಟ್ಟೆ ಕಂಡು ವಾಪಸ್ ಹೋದೆ. ಈ ಕಾಗದವನ್ನು ನಿಮಗೆ ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ.

ವಿಚಾರಣೆಯವರು ಕೇಳಿದ್ದಕ್ಕೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ೨೯ರಂದು ನನ್ನನ್ನು ಕೋಗಳಿ ಕೆರೆಯ ಆಚೆ ಕಂಬಕ್ಕೆ ಹಾಕಿದರು. ನೀವು ಅದೇ ಫೀಡರ್ ಲೈನಿನಲ್ಲಿ ಒಂದು ಕಿಲೋಮೀಟರ್ ಈಚೆ ಇದ್ದಿರಿ. ನಾನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, "ಕೊಟ್ರಸ್ವಾಮಿ ರೀ, ಎಲ್.ಸಿ. ಬೇಕು" ಅಂದೆ. ಆಪರೇಟರ್ ಮಾರೇಶ್, "ನಿಮ್ದು ಆಗಲೇ ಬರ್ಕೊಂಡೀನಲ್ರಿ ಕೊಟ್ರಸ್ವಾಮಿ. ಲೈನ್ ಬಂದ್ ಐತಿ, ಹತ್ರಿ" ಅಂದ. ಅವನು ಬರೆದುಕೊಂಡಿದ್ದು ನಿಮ್ಮನ್ನು. ಅವನ ಪುಸ್ತಕದಲ್ಲಿ ಒಬ್ಬನೇ ಕೊಟ್ರಸ್ವಾಮಿ ಇದ್ದ.

ಮೊದಲಿನ ನಾನಾಗಿದ್ದರೆ ನಂಬರ್ ಹೇಳು ಅನ್ನುತ್ತಿದ್ದೆ. ಎರಡು ಸಲ ಹೇಳಿಸುತ್ತಿದ್ದೆ. ಯಾವ ಕಂಬ, ಯಾವ ಊರು ಅಂತ ಜಗಳ ಮಾಡುತ್ತಿದ್ದೆ. ಅವತ್ತು ನಿಮ್ಮ ಕಡೆಯ ಇಬ್ಬರು ಹೊಸಬರು ಕೆಳಗೆ ನಿಂತಿದ್ದರು. "ಆಯ್ತು ಬಿಡ್ರಿ" ಅಂದು ಹತ್ತಿದೆ. ಚೈನು ಗಾಡಿಯ ಡಬ್ಬಿಯಲ್ಲೇ ಇತ್ತು, ತಂದಿದ್ದೆ, ಹಾಕಲಿಲ್ಲ.

ಮೇಲೆ ಬೆಲ್ಟ್ ಕಟ್ಟಿಕೊಂಡು ತಂತಿ ಹಿಡಿದಿರುವ ಪಿಂಗಾಣಿ ಬಿಚ್ಚುತ್ತಿದ್ದೆ. ನಿಮ್ಮ ಗಾಡಿ ಹೊಲದಲ್ಲಿ ಅಡ್ಡ ಬಂದದ್ದು ಕಂಡಿತು. ನೀವು ಇಳಿದು ಚೈನು ಹೂಡಿ, "ಕೈ ತಗಿಯಲೇ" ಅಂತ ಕೂಗಿದಿರಿ. ಯಾಕೆ ಕೂಗುತ್ತೀರಿ ಅಂತ ತಿಳಿಯದೆ ಕೈ ತೆಗೆದೆ. ನೀವು ಚೈನು ಎಸೆದಿರಿ. ಅದು ತಂತಿಯ ಮೇಲೆ ಬಿದ್ದು ಇನ್ನೂ ಅಲುಗಾಡುತ್ತಿತ್ತು, ಅದರ ನಡುಭಾಗ ನಿಮ್ಮ ಕೈಯಲ್ಲೇ ಇತ್ತು. ಅಷ್ಟರಲ್ಲಿ ಕರೆಂಟ್ ಬಂತು.

ಬೆಂಕಿ ಕಂಡದ್ದು ನೆನಪಿದೆ. ನೀವು ಬಿದ್ದದ್ದು ನೆನಪಿದೆ. ನಾನು ಬೆಲ್ಟಿನಲ್ಲಿ ನೇತಾಡುತ್ತಿದ್ದೆ, ಮೈ ಜುಮ್ಮೆಂದಿತ್ತು, ಅಷ್ಟೇ.

ನೀವು ನಿಮ್ಮ ಕೆಲಸ ಬಿಟ್ಟು ಅಷ್ಟು ದೂರ ಯಾಕೆ ಬಂದಿರಿ ಅನ್ನುವುದು ನನಗೆ ಇನ್ನೂ ತಿಳಿದಿಲ್ಲ.

ಹಿರೇಹಡಗಲಿ ಕೊಟ್ರಸ್ವಾಮಿ

*

ಹಿರೇಹಡಗಲಿ
೨ ಜುಲೈ ೨೦೨೫

ಅಣ್ಣಾ,

ಉತ್ತರ ಬರಲಿಲ್ಲ. ಬರಬೇಕು ಅಂತ ಕೇಳುವ ಹಕ್ಕು ನನಗಿಲ್ಲ.

೨೯ಕ್ಕೆ ಎದುರಿಗೆ ಹೇಳಬೇಕೆಂದಿದ್ದು ಇದು. ಹಾಳೆಗಳು ಅದಲುಬದಲಾಗಿವೆ. ಸಮತಾ ಮೇಡಂ ನಮ್ಮಿಬ್ಬರ ಹೆಸರು ಒಂದೇ ಅಂತ ಗುರುತಿಗೆ ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ಊರಿನ ಹೆಸರು ಬರೆದಿದ್ದರು. ಹಂಚುವವರು ಅದನ್ನು ನೋಡದೆ ಕೊಟ್ಟರು. ನನ್ನ ಕೈಗೆ ಬಂದ ಹಾಳೆಯ ಮೂಲೆಯಲ್ಲಿ "ಕೋಗಳಿ" ಅಂತ ಇತ್ತು. ಹರಪನಹಳ್ಳಿಯಿಂದ ಬರುವ ಬಸ್ಸಿನಲ್ಲೇ ಕಂಡೆ. ಬಾಗಳಿ ಕ್ರಾಸ್ ದಾಟುವಷ್ಟರಲ್ಲಿ ಅರ್ಥವಾಗಿತ್ತು.

ಮನೆಗೆ ಬಂದು ಮಗಳ ಕಂಪಾಸ್ ಬಾಕ್ಸಿನಿಂದ ರಬ್ಬರ್ ತೆಗೆದು ಉಜ್ಜಿದೆ. ಹಾಳೆ ಸ್ವಲ್ಪ ಹರಿಯಿತು.

ಯಾಕೆ ಮಾಡಿದೆ ಅಂದರೆ, ಅದರಲ್ಲಿ ಬರೆದದ್ದನ್ನು ಯಾರೂ ನನ್ನ ಬಗ್ಗೆ ಎಂದೂ ಹೇಳಿರಲಿಲ್ಲ. ಒಂದು ವಾರ ಇಟ್ಟುಕೊಂಡು ಕೊಡೋಣ ಅಂದುಕೊಂಡೆ. ಆಮೇಲೆ ನಿಮ್ಮ ಹಾಳೆಯಲ್ಲಿ ಪೆನ್ಸಿಲ್ ಗುರುತು ಇಲ್ಲ ಅಂತ ನೀವು ಬರೆದಿರಿ. ಹಾಗಾದರೆ ಬಹುಶಃ ಇದು ನನ್ನದೇ ಇರಬಹುದು, ಮೇಡಂ ಇನ್ನೇನೋ ಕಾರಣಕ್ಕೆ ಕೋಗಳಿ ಅಂತ ಬರೆದಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು ಅಂತ ಗೊತ್ತಿದ್ದೇ ಹೇಳಿಕೊಂಡೆ.

ನಿಮ್ಮ ಬಲಗೈಯನ್ನು ತಿಂದದ್ದು ಕರೆಂಟಲ್ಲ. ಆ ರಬ್ಬರು. ಅಂದಿನಿಂದ ನಾನು ಕಂಬ ಹತ್ತಿಲ್ಲ. ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಹಾಕಿದ್ದಾರೆ. ಫೋನ್ ರಿಂಗಾದರೂ ಮೈ ಬೆಚ್ಚುತ್ತದೆ. ನಿಮ್ಮ ಹಾಳೆಯನ್ನು ಇದರ ಜೊತೆ ಲಕೋಟೆಯಲ್ಲಿ ಇಟ್ಟಿದ್ದೇನೆ.

ಕೊಟ್ರಸ್ವಾಮಿ

*

ಕೋಗಳಿ
೧೫ ಜುಲೈ ೨೦೨೫

ಹಿರೇಹಡಗಲಿಯ ತಮ್ಮನಿಗೆ ನೀಲಗಂಗಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಹೆಸರು ಹಿಡಿದು ಬರೆದಿಲ್ಲ ಅಂತ ಬೇಜಾರಾಗಬೇಡ. ಅದು ನಮ್ಮನೆಯವರ ಹೆಸರು, ಬಾಯಿಂದ ಬರದದ್ದು ಕೈಯಿಂದಲೂ ಬರುವುದಿಲ್ಲ.

ನಿನ್ನ ಎರಡು ಕಾಗದಗಳನ್ನೂ ಅವರಿಗೆ ಓದಿ ಹೇಳಿದವಳು ನಾನೇ. ಮೊದಲನೆಯದನ್ನು ಪೂರ್ತಿ ಓದಿದೆ. ಎರಡನೆಯದನ್ನು ಓದುವಾಗ ನಡುವೆ ನಿಲ್ಲಿಸಿ ಅಡಿಗೆ ಮನೆಗೆ ಹೋದೆ. ಯಾಕೆ ಅಂತ ಈಗ ಹೇಳುತ್ತೇನೆ.

ನೀನು ಗುರುತು ಉಜ್ಜಿದೆ. ನಾನು ಉಜ್ಜುವ ಅಗತ್ಯವೂ ಬೀಳಲಿಲ್ಲ, ಅವರಿಗೆ ಕಾಣುತ್ತಿರಲಿಲ್ಲ. ನಮ್ಮ ಹಾಳೆಯ ಮೂಲೆಯಲ್ಲಿ "ಹಿರೇಹಡಗಲಿ" ಅಂತ ದಪ್ಪಗೆ ಬರೆದಿದೆ. ಮೊದಲ ದಿನವೇ ಓದಿದ್ದೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ ತಮ್ಮಾ, ಇವರ ಧೈರ್ಯಕ್ಕೆ ದಿನಾ ಸತ್ತಿದ್ದೇನೆ. ಮಳೆಗಾಳಿ ಬಂದರೆ ಊರಿನವರು ಮನೆ ಒಳಗೆ ಹೋಗುತ್ತಾರೆ, ಇವರು ಹೊರಗೆ ಹೋಗುತ್ತಾರೆ. ಆ ಹಾಳೆಯಲ್ಲಿ ಮತ್ತೆ ಮತ್ತೆ ನೋಡುತ್ತಾರೆ ಅಂತ ಓದಿದಾಗ, ಈ ಮಾತು ಇವರ ತಲೆಗೆ ಹೋದರೆ ಸಾಕಪ್ಪ ಅನಿಸಿತು. ಯಾರದೋ ಅಂಜಿಕೆ ನಮ್ಮ ಮನೆಗೆ ಬಂದಿದೆ, ಇರಲಿ ಅಂದುಕೊಂಡೆ. ನಮ್ಮ ಮನೆಯ ಧೈರ್ಯ ಯಾರ ಮನೆಗೆ ಹೋಯಿತು ಅಂತ ನಾನು ಯೋಚಿಸಲಿಲ್ಲ.

೨೯ರ ಬೆಳಿಗ್ಗೆ ರೊಟ್ಟಿ ಕಟ್ಟುವಾಗ ಅವರು, "ಹಡಗಲಿ ತಮ್ಮ ಬರ್ತಾನ ಇವತ್ತು. ನನ್ನ ಮೀರಿಸ್ಯಾನ ಅವ, ಚೈನೂ ಬಿಟ್ಟಾನಂತ" ಅಂದು ನಕ್ಕರು. ನನ್ನ ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು. ಆಗ ಹೇಳಿದೆ. "ಆ ಹಾಳಿ ನಿಮ್ದಲ್ಲ. ಆ ಹುಡುಗಂದು. ಅವ ನಿಮ್ಮ ಹಾಳಿ ಓದಿ ಕಂಬ ಹತ್ತಾಕ ಹತ್ಯಾನ" ಅಂದೆ. ಅವರು ಊಟದ ಡಬ್ಬಿ ಬಿಟ್ಟೇ ಹೋದರು. ಕೆಲಸ ಅರ್ಧ ಆಗುವಷ್ಟರಲ್ಲಿ ಯರ್ರೆಪ್ಪನಿಗೆ, "ನಂದು ಮುಗಿದ ಮ್ಯಾಲ ಎಲ್.ಸಿ. ವಾಪಸ್ ಕೊಡು" ಅಂತ ಹೇಳಿ ನಿನ್ನ ಕಡೆ ಬಂದರು. ಯರ್ರೆಪ್ಪ ಮುಗಿಸಿ, ಕೊಟ್ರ... ಇವರ ಹೆಸರಿನಲ್ಲಿ ವಾಪಸ್ ಕೊಟ್ಟ. ಲೈನಿನ ಮೇಲೆ ಇನ್ನು ಯಾರೂ ಇಲ್ಲ ಅಂತ ಮಾರೇಶ್ ಕರೆಂಟ್ ಬಿಟ್ಟ.

ನೋಡು, ಹೆಸರು ಅರ್ಧ ಬರೆದುಬಿಟ್ಟೆ.

ಕೈ ತಿಂದದ್ದು ನಿನ್ನ ರಬ್ಬರ್ ಒಂದೇ ಅಲ್ಲ. ಇದನ್ನು ನಾನು ಅವರಿಗೂ ಹೇಳಿದ್ದೇನೆ. ಎರಡು ಬೆರಳು ತೆಗೆದಿದ್ದಾರೆ, ಉಳಿದದ್ದು ಉಳಿಯುತ್ತದೆ ಅಂತ ಡಾಕ್ಟರು ಹೇಳಿದರು. ಅವರು ಒಂದು ವಾರದಿಂದ ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಿದ್ದಾರೆ. ನಾನು ಎದುರಿಗೆ ಇದ್ದೇನೆ, ನನಗೆ ಅಭ್ಯಾಸ. ನಿನಗೆ ತಿಳಿಯಲಿ ಅಂತ ಬರೆದೆ.

ನೀಲಗಂಗಮ್ಮ

*

ಕೋಗಳಿ
೨೦ ಆಗಸ್ಟ್ ೨೦೨೫

ತಮ್ಮಾ,

ಎಡಗೈ. ಓದಲು ಬಂದಷ್ಟು ಓದು. ಕನ್ನಡಕ ತಂದಿದ್ದೇನೆ.

ಸಿಟ್ಟು ಇತ್ತು. ಇನ್ನೂ ಸ್ವಲ್ಪ ಇದೆ. ಎಲ್.ಸಿ.ಯನ್ನು ಬೇರೆಯವನ ಬಾಯಿಗೆ ಬಿಟ್ಟು ಬಂದವನು ನಾನು. ಆ ತಪ್ಪು ನಿನ್ನದೂ ಅಲ್ಲ ಅವಳದೂ ಅಲ್ಲ, ಅದು ನನ್ನ ಹಾಳೆಯದು.

ನೀನು ಕಳಿಸಿದ ನನ್ನ ಹಾಳೆ ಓದಿದೆ. ಎಲ್ಲಾ ನಿಜ. ಆದರೆ ನನಗೆ ಅದು ಬೇಡ. ನಿನ್ನ ಹಾಳೆಯನ್ನು ನಾನು ವಾಪಸ್ ಕೊಡುವುದಿಲ್ಲ. ಅದರಲ್ಲಿ ದೌರ್ಬಲ್ಯ ಅಂತ ಬರೆದದ್ದನ್ನು ಕೇಳಿ ನಾನು ಚೈನು ಕಟ್ಟಿಕೊಂಡಿದ್ದರಿಂದಲೇ ನೀನು ಇವತ್ತು ಇದ್ದೀ.

ಕೆರೆ ಆಚೆಯ ಕಂಬಕ್ಕೆ ಈಗ ತಾತ್ಕಾಲಿಕವಾಗಿ ತಂತಿ ಕಟ್ಟಿದ್ದಾರೆ. ಪಕ್ಕಾ ಕೆಲಸ ಬಾಕಿ. ನಮ್ಮ ಸಾಹೇಬರಿಗೆ ಹೇಳಿದ್ದೇನೆ, ಅದನ್ನು ಹಡಗಲಿಯವನೇ ಮಾಡಬೇಕು ಅಂತ. ಬಂದು ಮಾಡು. ಹೆದರಿಕೆ ಹೋದ ಮೇಲೆ ಬರುತ್ತೇನೆ ಅನ್ನಬೇಡ. ಅದನ್ನು ಕರೆದುಕೊಂಡೇ ಬಾ.

ಅಣ್ಣ

*

ಹಿರೇಹಡಗಲಿ
೬ ಸೆಪ್ಟೆಂಬರ್ ೨೦೨೫

ಅಣ್ಣನವರಿಗೂ ಅತ್ತಿಗೆಯವರಿಗೂ ನಮಸ್ಕಾರಗಳು.

ಮೊನ್ನೆ ನೀವು ಕೈ ತೋರಿಸಲು ಬಳ್ಳಾರಿಗೆ ಹೋದ ದಿನವೇ ನನಗೆ ಆರ್ಡರ್ ಬಂತು. ನೀವು ಇಲ್ಲದ್ದು ಒಳ್ಳೆಯದೇ ಆಯಿತು. ಇದ್ದಿದ್ದರೆ ನಿಮ್ಮ ಕೈ ಕಂಡು ವಾಪಸ್ ಹೋಗುತ್ತಿದ್ದೆ.

ಕಂಬದ ಬುಡದಲ್ಲಿ ಕಪ್ಪು ಮಚ್ಚೆ ಇನ್ನೂ ಇದೆ. ಸಜ್ಜೆ ಹೊಲದವರು ಆ ಜಾಗ ಬಿಟ್ಟು ಎಡೆಕುಂಟೆ ಹೊಡೆದಿದ್ದಾರೆ. ಅದನ್ನು ನೋಡುತ್ತಾ ಅರ್ಧ ಗಂಟೆ ನಿಂತೆ. ಕೆಳಗೆ ಯರ್ರೆಪ್ಪನೂ ಮೂರು ಜನರೂ ಇದ್ದರು. ಈ ಸಲ ಫೋನ್ ಬಂದವನ ಹಾಗೆ ನಟಿಸಲಿಲ್ಲ. "ನನಗ ಅಂಜಿಕಿ ಆಗಾಕ ಹತ್ತೈತಿ, ಸ್ವಲ್ಪ ತಡೀರಿ" ಅಂದೆ. ಯಾರೂ ನಗಲಿಲ್ಲ. ಯರ್ರೆಪ್ಪ ಕೂರಲು ತನ್ನ ಟವೆಲ್ ಹಾಸಿದ.

ಆಮೇಲೆ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆ. ಮಾರೇಶನೇ ಎತ್ತಿದ.

"ಕೊಟ್ರಸ್ವಾಮಿ ರೀ, ಎಲ್.ಸಿ. ಬೇಕು" ಅಂದೆ.

ಅವನು ಸಣ್ಣ ದನಿಯಲ್ಲಿ, "ಯಾವ ಕೊಟ್ರಸ್ವಾಮಿ ರೀ?" ಅಂತ ಕೇಳಿದ.

ಊರಿನ ಹೆಸರು ಹೇಳಬಹುದಿತ್ತು. ಅಪ್ಪನ ಹೆಸರು ಹೇಳಬಹುದಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ಅಂಜೋ ಕೊಟ್ರಸ್ವಾಮಿ ರೀ."

"ಹಂಗs ಬರ್ಕೊಂತೀನ್ರಿ" ಅಂದ. ಬರೆಯುವ ಸದ್ದು ಕೇಳಿಸಿತು. ನಂಬರ್ ಹೇಳಿದ. ಮತ್ತೆ ಹೇಳಿಸಿದೆ. ಚೈನು ಹೂಡಿ, ಎಸೆದು, ಬುಡದಿಂದ ಮತ್ತೆ ಫೋನ್ ಮಾಡಿದೆ. ಮೇಲೆ ಬೆಲ್ಟ್ ಕಟ್ಟಿಕೊಂಡು ಮೂರನೇ ಸಲ ಮಾಡಿದಾಗ ನಾನು ಬಾಯಿ ತೆರೆಯುವ ಮೊದಲೇ ಅವನೇ ನಂಬರ್ ಹೇಳಿ, "ನೀವು ಇಳಿದು ನೀವs ಹೇಳೋ ತನಕ ಈ ಹ್ಯಾಂಡಲ್ ಯಾರೂ ಮುಟ್ಟಂಗಿಲ್ರಿ" ಅಂದ.

ಕೆಲಸಕ್ಕೆ ಎರಡು ತಾಸು ಹಿಡಿಯಿತು. ನೀವಾದರೆ ಅರ್ಧ ತಾಸಿಗೆ ಮುಗಿಸುತ್ತಿದ್ದಿರಿ. ಸಾಯಂಕಾಲ ಕೋಗಳಿಯಲ್ಲಿ ಲೈಟು ಬಂದದ್ದನ್ನು ಕೆರೆ ಏರಿಯ ಮೇಲೆ ನಿಂತು ನೋಡಿದೆ. ನಿಮ್ಮ ಮನೆ ಯಾವುದು ಅಂತ ಅಲ್ಲಿಂದ ಗೊತ್ತಾಗಲಿಲ್ಲ.

ಅತ್ತಿಗೆಯವರಿಗೆ ಹೇಳಿ, ಇನ್ನು ಮೇಲೆ ನನಗೆ ಕಾಗದ ಬರೆಯಲು ಅವರಿಗೆ ತೊಂದರೆ ಇಲ್ಲ, ಬರೀ ಅಂಜುವ ತಮ್ಮ ಅಂತ ಬರೆದರೆ ಸಾಕು. ಎಲ್.ಸಿ. ಪುಸ್ತಕದಲ್ಲಿ ನನ್ನ ಹೆಸರು ಈಗ ಬೇರೆ ಇದೆ.

ನಿಮ್ಮ ತಮ್ಮ,
ಅಂಜುವ ಕೊಟ್ರಸ್ವಾಮಿ